ಎಲ್ಲಾ ಫ್ರೀ ಅಂದಿದ್ದ ಅಕಾಡೆಮಿಗೆ ಮಗಳನ್ನು ಕಳಿಸಿದ್ದು

ಬೇರೆಯವರ ಮನೆಯಲ್ಲಿ ದುಡ್ಡು ಖರ್ಚಾದರೆ ಬರೀ ದುಡ್ಡು ಖರ್ಚಾಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಅದು ಹೋಗುವಾಗ ಎಲ್ಲರ ಮರ್ಯಾದೆಯನ್ನೂ ಸ್ವಲ್ಪ ಸ್ವಲ್ಪ ಜೊತೆಗೆ ಕರೆದುಕೊಂಡು ಹೋಗುತ್ತದೆ. ನಮ್ಮ ಮದುವೆಯಲ್ಲಿ ಹೀಗೇ ಆಯಿತು, ನಾದಿನಿಯ ಸೀಮಂತದಲ್ಲಿ ಹೀಗೇ ಆಯಿತು, ಕೊನೆಗೆ ನಾನೊಂದು ಹಲ್ಲು ಕೀಳಿಸಿಕೊಂಡಾಗಲೂ ಹೀಗೇ ಆಯಿತು. ಹೋದ ವರ್ಷ ಮಗಳು ಮಿಲಿಟರಿ ಅಕಾಡೆಮಿಗೆ ಆಯ್ಕೆಯಾದಾಗ ತಪ್ಪುತ್ತದೆಯೇ?

ನಾನು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ಯಜಮಾನರು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರು. ಎನ್.ಆರ್. ಕಾಲೋನಿಯಲ್ಲಿ ಎರಡು ರೂಮಿನ ಮನೆ, ಜೊತೆಯಲ್ಲಿ ನಮ್ಮತ್ತೆ, ಇರುವವಳು ಒಬ್ಬಳೇ ಮಗಳು. ಈ ಹುಡುಗಿ ಎರಡು ವರ್ಷ ಬೆಳಗಿನ ಜಾವ ಎದ್ದು ಮೈದಾನ ಸುತ್ತಿ, ಪರೀಕ್ಷೆ ಬರೆದು, ಸಂದರ್ಶನ ಮುಗಿಸಿ, ಅಂತೂ ಪಟ್ಟಿಯಲ್ಲಿ ಹೆಸರು ಗಿಟ್ಟಿಸಿಕೊಂಡಿದ್ದಳು. ಇಪ್ಪತ್ತೆರಡು ದಿನದಲ್ಲಿ ಹೊರಡಬೇಕಿತ್ತು. ಹೇಳಿದ ತಾರೀಖು, ಸಾಯಂಕಾಲ ನಾಲ್ಕು ಗಂಟೆಯೊಳಗೆ, ಹೇಳಿದ ದುಡ್ಡು ಕಟ್ಟಿ, ಹೇಳಿದ ಸಾಮಾನಿನ ಸಮೇತ ಹಾಜರಾಗದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಹನ್ನೊಂದನೇ ಪುಟ

ಪತ್ರ ಬಂದ ದಿನ ಯಜಮಾನರು ಮೊದಲ ಎರಡು ಪುಟ ಓದಿದರು. ತರಬೇತಿ, ಊಟ, ವಸತಿ, ಸಮವಸ್ತ್ರ ಎಲ್ಲದರ ಖರ್ಚೂ ಸರ್ಕಾರದ್ದು ಎಂದಿತ್ತು. ಅಷ್ಟು ಸಾಕಾಯಿತು. ಕನ್ನಡಕ ತೆಗೆದಿಟ್ಟು ಬೀದಿಗಿಳಿದರು. ಹಾಲಿನ ಬೂತು, ಇಸ್ತ್ರಿ ಅಂಗಡಿ, ಪಾರ್ಕಿನ ಕಲ್ಲುಬೆಂಚು, ಎಲ್ಲ ಕಡೆಯೂ ಒಂದೇ ಸುದ್ದಿ.

"ಒಂದು ಪೈಸೆ ಖರ್ಚಿಲ್ಲ ಕಣ್ರೀ. ಎಲ್ಲಾ ಫ್ರೀ! ಇಂಜಿನಿಯರಿಂಗ್ ಸೇರಿಸಿದೋರೆಲ್ಲ ಲಕ್ಷ ಲಕ್ಷ ಕಟ್ತಿದಾರೆ. ನಾನು ಬರೀ ರೈಲ್ ಟಿಕೆಟ್ ತಗೋಬೇಕು."

ಹನ್ನೊಂದನೇ ಪುಟವನ್ನು ಓದಿದ್ದು ನಾನು, ಮಾರನೇ ದಿನ. ಮಗಳ ಕೈಖರ್ಚಿಗೆ, ಮೊದಲ ಬಟ್ಟೆಬರೆಗೆ, ಇತರೆ ಎಂಬ ಬಾಬ್ತಿಗೆ ಸೇರಿ ಮೂವತ್ತೈದು ಸಾವಿರ ಮುಂಗಡ ಕಟ್ಟಬೇಕು ಎಂದಿತ್ತು. ಅದರ ಮೇಲೆ ನಾವೇ ಕೊಂಡು ತರಬೇಕಾದ ಸಾಮಾನಿನ ಪಟ್ಟಿ ಒಂದೂವರೆ ಪುಟ. ನಮ್ಮ ಪಾಸ್‌ಬುಕ್ಕಿನಲ್ಲಿ ಆಗ ಇದ್ದದ್ದು ಏಳು ಸಾವಿರ ಚಿಲ್ಲರೆ. ಯಜಮಾನರು ಪುಟವನ್ನು ತಿರುವಿ ಮುರುವಿ ನೋಡಿದರು, ಹಿಂದುಗಡೆ ಏನಾದರೂ ರಿಯಾಯಿತಿ ಇದೆಯೇನೋ ಎಂದು.

"ರೀ, ಪಾರ್ಕಿನ ಸ್ನೇಹಿತರನ್ನ ಒಂದ್ಮಾತು ಕೇಳಿ ನೋಡಿ. ಎರಡು ತಿಂಗಳಲ್ಲಿ ತೀರಿಸಿದ್ರಾಯ್ತು" ಎಂದೆ.

ಮನಸ್ಸಿಲ್ಲದ ಮನಸ್ಸಿನಿಂದ ಹೊರಟರು. ಬಾಗಿಲು ತೆಗೆದರೆ ಪಾರ್ಕಿನ ಸ್ನೇಹಿತರಲ್ಲೇ ಒಬ್ಬರು ಮೆಟ್ಟಿಲ ಮೇಲೆ ನಿಂತಿದ್ದಾರೆ! ಒಳಗೆ ಬಂದು ಕಾಫಿ ಕುಡಿದು, ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಹೇಗೂ ಮಗಳದ್ದು ಎಲ್ಲಾ ಫ್ರೀ ಅಂದ್ರಲ್ಲ ಸಾರ್. ನನ್ನ ಮಗನ ಕಾಲೇಜಿಗೆ ಒಂದಿಪ್ಪತ್ತು ಸಾವಿರ ಸಾಲ ಸಿಗುತ್ತಾ ಅಂತ ಕೇಳೋಣ ಅಂತ ಬಂದೆ."

ಚೀಟಿ ಕೂಗಿದ್ದು

ನಮ್ಮ ಸ್ಟಾಫ್‌ರೂಮಿನಲ್ಲಿ ಹತ್ತು ಜನ ಸೇರಿ ಐವತ್ತು ಸಾವಿರದ ಚೀಟಿ ನಡೆಸುತ್ತೇವೆ. ತಿಂಗಳಿಗೊಮ್ಮೆ ಕೂಗು. ದುಡ್ಡಿನ ಅಗತ್ಯ ಇದ್ದವರು ಐವತ್ತರಲ್ಲಿ ಇಷ್ಟು ಬಿಟ್ಟುಕೊಡುತ್ತೇನೆ ಎಂದು ಕೂಗುತ್ತಾರೆ. ಯಾರು ಹೆಚ್ಚು ಬಿಡುತ್ತಾರೋ ಚೀಟಿ ಅವರಿಗೆ, ಬಿಟ್ಟ ದುಡ್ಡು ಎಲ್ಲರಿಗೂ ಹಂಚಿಕೆ. ಇಬ್ಬರು ಅಗತ್ಯದವರು ಎದುರುಬದುರಾದರೆ ಸ್ಟಾಫ್‌ರೂಮು ತರಕಾರಿ ಮಂಡಿಯಾಗುತ್ತದೆ.

ಆ ತಿಂಗಳು ನನಗೆ ಚೀಟಿ ಬೇಕೇ ಬೇಕಿತ್ತು. ಇಂಗ್ಲಿಷ್ ಟೀಚರಿಗೂ ಮನೆ ಬಣ್ಣ ಮಾಡಿಸಲು ಬೇಕಿದೆ ಎಂದು ಯಾರೋ ಹೇಳಿದ್ದರು.

"ಎರಡು ಸಾವಿರ ಬಿಟ್ಟೆ" ಎಂದೆ. ಯಾರೂ ಮಾತಾಡಲಿಲ್ಲ. ಇಂಗ್ಲಿಷ್ ಟೀಚರ್ ಕಿಟಕಿಯಾಚೆ ನೋಡುತ್ತಿದ್ದರು. ಇದರಲ್ಲಿ ಏನೋ ಮಸಲತ್ತಿದೆ ಅನ್ನಿಸಿತು.

"ಮೂರು ಸಾವಿರ" ಎಂದೆ. ಸದ್ದಿಲ್ಲ. ಇಂಗ್ಲಿಷ್ ಟೀಚರ್ ಕೆಮ್ಮಿದರು. ಇನ್ನೇನು ಬಾಯಿ ತೆಗೆಯುತ್ತಾರೆ ಎಂದು ಹೆದರಿ "ನಾಲ್ಕೂವರೆ!" ಎಂದೆ. ಅವರು ನೀರಿನ ಬಾಟಲಿಗೆ ಕೈಹಾಕಿದರು. ನಾನು ಎದ್ದುನಿಂತು "ಆರು!" ಎಂದು ಕಿರುಚಿದೆ.

ಡ್ರಿಲ್ ಮೇಷ್ಟ್ರು ತಡೆಯಲಾರದೆ ಎರಡೂ ಕೈ ಎತ್ತಿದರು. "ಮೇಡಂ, ಸಾಕು ಮಾಡಿ. ಮಗಳು ಮಿಲಿಟರಿಗೆ ಹೋಗ್ತಿದಾಳೆ, ಈ ಸಲ ಯಾರೂ ಕೂಗೋದು ಬೇಡ, ನಿಮಗೆ ನಷ್ಟ ಆಗಬಾರದು ಅಂತ ಬೆಳಗ್ಗೇನೇ ಎಲ್ಲರೂ ಮಾತಾಡ್ಕೊಂಡಿದ್ವಿ. ನಿಮ್ಮ ಮೇಲೆ ನೀವೇ ಕೂಗ್ತಿದೀರಾ!"

ಅಷ್ಟು ಹೊತ್ತಿಗೆ ಚೀಟಿ ಪುಸ್ತಕದಲ್ಲಿ ಆರು ಸಾವಿರ ಎಂದು ಬರೆದಾಗಿತ್ತು. ಬಿಟ್ಟದ್ದನ್ನು ವಾಪಸ್ ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳಿದರು, ನಾನು ಅಭಿಮಾನಕ್ಕೆ ಬೇಡವೆಂದೆ. ಅವರೆಲ್ಲರ ಪ್ರೀತಿಗೆ ಕಣ್ಣು ತುಂಬಿ ಬಂತು, ನನ್ನ ಬುದ್ಧಿಗೂ ಸೇರಿಸಿಯೇ ತುಂಬಿ ಬಂತು. ಮಾರನೇ ದಿನ ಎಂಟನೇ ಕ್ಲಾಸಿಗೆ ಲಾಭ-ನಷ್ಟದ ಪಾಠ ಶುರುಮಾಡಬೇಕಿತ್ತು. ಎಚ್.ಎಂ. ಮೇಡಂ ಬಾಗಿಲಲ್ಲೇ ತಡೆದರು.

"ಇವತ್ತು ನೀವು ರೆಸ್ಟ್ ತಗೊಳ್ಳಿ. ಆ ಪಾಠ ಡ್ರಿಲ್ ಮೇಷ್ಟ್ರು ಮಾಡ್ತಾರೆ."

ಅರಿಶಿನ

ಸಾಮಾನಿನ ಪಟ್ಟಿಯಲ್ಲಿ ಬಿಳಿಯದೇ ದರ್ಬಾರು. ಬಿಳಿ ಷರಟು ಆರು, ಬಿಳಿ ಹಾಸಿಗೆ ಬಟ್ಟೆ ನಾಲ್ಕು, ಬಿಳಿ ಕರ್ಚೀಫು ಹನ್ನೆರಡು. ಯಾವುದರ ಮೇಲೂ ಗುರುತು, ಗೀಟು, ಕಲೆ ಇರಕೂಡದು ಎಂದು ಕೆಳಗೆ ಅಡಿಗೆರೆ ಬೇರೆ. ಚಿಕ್ಕಪೇಟೆಯಲ್ಲಿ ನಾಲ್ಕು ಅಂಗಡಿ ಹತ್ತಿಳಿದು, ಚೌಕಾಸಿ ಮಾಡಿ ತಂದೆವು. ಇನ್ನೊಂದು ಸಲ ಕೊಳ್ಳಲು ಕೈಯಲ್ಲಿ ಕಾಸಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಬಟ್ಟೆಯನ್ನು ಮನೆಯಲ್ಲಿಟ್ಟು ಕಪ್ಪು ಟ್ರಂಕು ತರಲು ಕಲಾಸಿಪಾಳ್ಯಕ್ಕೆ ಹೋದೆವು. ಆಟೋದಲ್ಲಿ ಅದನ್ನು ಮೂವರ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ವಾಪಸ್ ಬಂದರೆ, ನಡುಮನೆಯ ಚಾಪೆಯ ಮೇಲೆ ಅಷ್ಟೂ ಬಟ್ಟೆ ಹರಡಿದೆ. ಒಂದೊಂದರ ಮೇಲೂ, ಷರಟಿಗಾದರೆ ಸರಿಯಾಗಿ ಕಾಲರಿನ ಮೇಲೆ, ದಪ್ಪಗೆ ಒದ್ದೆ ಅರಿಶಿನದ ಬೊಟ್ಟು. ಅತ್ತೆ ಕೊನೆಯ ಕರ್ಚೀಫಿನ ಹತ್ತಿರ ಕೂತಿದ್ದರು.

"ಅಯ್ಯೋ ಅತ್ತೆ, ಏನ್ ಮಾಡ್ಬಿಟ್ರಿ!"

"ಇನ್ನೇನೇ, ಹೊಸ ಬಟ್ಟೇನ ಅರಿಶಿನ ಹಚ್ಚದೆ ಹಾಗೇ ಹಾಕ್ಕೋತಾರಾ? ಅದೂ ಬಂದೂಕು ಹಿಡಿಯೋಕೆ ಹೋಗೋ ಮಗು."

ಅವರು ಹೇಳಿದ್ದು ತಪ್ಪಲ್ಲ. ನಮ್ಮ ಮನೆಯಲ್ಲಿ ಕಾಲೊರೆಸುವ ಬಟ್ಟೆಯೂ ಅರಿಶಿನವಿಲ್ಲದೆ ನೆಲ ಮುಟ್ಟಿದ್ದಿಲ್ಲ. ನಾನು ಏನು ಮಾಡುವುದೆಂದು ಯೋಚಿಸುವಷ್ಟರಲ್ಲಿ ಯಜಮಾನರು ಎಲ್ಲವನ್ನೂ ಬಾಚಿಕೊಂಡು ಹೋಗಿ ಸೋಪಿನ ಪುಡಿಯ ಬಕೆಟ್ಟಿಗೆ ಅದ್ದಿಬಿಟ್ಟರು. ಅರಿಶಿನಕ್ಕೆ ಸೋಪು ಬಿದ್ದರೆ ಏನಾಗುತ್ತದೆ ಎಂದು ಬಟ್ಟೆ ಒಗೆದವರಿಗೆ ಗೊತ್ತು. ಅವರು ಒಗೆದವರಲ್ಲ. ಮೇಲಕ್ಕೆತ್ತಿದರೆ ಆರು ಷರಟಿನ ಕಾಲರೂ ಕೆಂಪಗೆ!

ಮಗಳು ಒಂದನ್ನು ಎತ್ತಿ ಹಿಡಿದು ನೋಡಿದಳು. "ಅಜ್ಜಿ, ನಾನಿನ್ನೂ ಯುದ್ಧಕ್ಕೆ ಹೋಗೇ ಇಲ್ಲ."

ಬಿಸಿಲಿಗೆ ಹಾಕಿದರೆ ಅರಿಶಿನ ಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಬೆಂಗಳೂರಿನ ಬಿಸಿಲು ಆ ವಾರ ಅರ್ಧರ್ಧ ಗಂಟೆ ಬಂದು ಹೋಗುತ್ತಿತ್ತು. ಯಜಮಾನರು ಎರಡು ದಿನ ರಜೆ ಹಾಕಿ, ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು, ಸೂರ್ಯ ಕಂಡಾಗಲೆಲ್ಲ ಓಡಿಹೋಗಿ ಕಾಲರುಗಳನ್ನು ಅವನ ಕಡೆ ತಿರುಗಿಸುತ್ತಿದ್ದರು. ಮೂರನೇ ದಿನಕ್ಕೆ ಎಲ್ಲ ಬೆಳ್ಳಗಾದವು. ಎದುರು ಮನೆಯವರು ತಮ್ಮ ತಾರಸಿಯಿಂದಲೇ ಕೇಳಿದರು, "ಏನ್ರೀ, ಲಾಂಡ್ರಿ ಶುರು ಮಾಡಿದೀರಾ?"

ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದ ನಮ್ಮತ್ತೆ ತಲೆ ಎತ್ತಿ ಗಂಭೀರವಾಗಿ ಹೇಳಿದರು, "ಇಲ್ಲಾರೀ, ದೇಶ ಸೇವೆ."

ಛಾಪಾ ಕಾಗದ

ಅತ್ತೆಗೆ ಮೊಮ್ಮಗಳು ಹೋಗುವುದು ಒಳಗೊಳಗೆ ಇಷ್ಟವಿರಲಿಲ್ಲ. ಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲ. ಊಟಕ್ಕೆ ಕೂತಾಗ, ತಲೆ ಬಾಚುವಾಗ, ದಿನಕ್ಕೆ ಮೂರು ಸಲ ಒಂದೇ ಮಾತು: "ಕಷ್ಟ ಆದ್ರೆ ಬಂದ್ಬಿಡು ಪುಟ್ಟಿ. ಯಾರೂ ಏನೂ ಅನ್ನಲ್ಲ."

ಹೊರಡಲು ನಾಲ್ಕು ದಿನವಿದ್ದಾಗ ಯಜಮಾನರು ಉಪ್ಪಾರಪೇಟೆಯ ಟೈಪಿಂಗ್ ಅಂಗಡಿಯಿಂದ ಛಾಪಾ ಕಾಗದದ ಮೇಲೆ ಮುಚ್ಚಳಿಕೆ ಟೈಪು ಮಾಡಿಸಿ ತಂದರು. ಮಗಳು ತಾನಾಗಿ ತರಬೇತಿ ಬಿಟ್ಟು ಬಂದರೆ ಅಲ್ಲಿಯವರೆಗಿನ ಖರ್ಚನ್ನು ತಂದೆ ತಾಯಿ ವಾರದ ಲೆಕ್ಕದಲ್ಲಿ ಸರ್ಕಾರಕ್ಕೆ ಕಟ್ಟಿಕೊಡಬೇಕು ಎಂದು ಅದರಲ್ಲಿತ್ತು. ಸಹಿ ಹಾಕುವ ಮುಂಚೆ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು.

"ವಾರಕ್ಕೆ ಎಷ್ಟಂತೆ?" ಎಂದರು ಅತ್ತೆ.

ಯಜಮಾನರು ಹೇಳಿದರು. ಅತ್ತೆ ಸ್ವಲ್ಪ ಹೊತ್ತು ಬೆರಳು ಎಣಿಸಿದರು. ಎರಡೂ ಕೈಯ ಬೆರಳು ಮುಗಿದ ಮೇಲೆ ಮೊಮ್ಮಗಳನ್ನು ಹತ್ತಿರ ಕರೆದು ತಲೆ ಸವರಿದರು.

"ಪುಟ್ಟಿ, ಬರೋದಾದ್ರೆ ಮೊದಲ್ನೇ ವಾರದಲ್ಲೇ ಬಂದ್ಬಿಡು. ಆಮೇಲೆ ಎಷ್ಟೇ ಕಷ್ಟ ಆದ್ರೂ ಬರಬೇಡ."

ನಾಲ್ಕು ಗಂಟೆಯೊಳಗೆ

ಅತ್ತೆಯನ್ನು ನಾದಿನಿಯ ಮನೆಯಲ್ಲಿ ಬಿಟ್ಟು, ರೈಲಿನಲ್ಲಿ ಒಂದು ರಾತ್ರಿ ಕಳೆದು, ನಾವು ಮೂವರೂ ಟ್ರಂಕು ಸಮೇತ ಹೇಳಿದ ದಿನ ಮಧ್ಯಾಹ್ನ ಎರಡಕ್ಕೆ ಅಕಾಡೆಮಿಯ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತೆವು. ಎಲ್ಲ ಸರಿಯಾಗಿತ್ತು. ಬಟ್ಟೆ ಸರಿ, ಮುಚ್ಚಳಿಕೆ ಸರಿ. ದುಡ್ಡನ್ನು ಯಜಮಾನರು ವಾರದ ಹಿಂದೆಯೇ ಬ್ಯಾಂಕಿನಿಂದ ಕಳಿಸಿದ್ದರು. ಕೌಂಟರಿನ ಗುಮಾಸ್ತರು ಕಂಪ್ಯೂಟರ್ ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಕಂಪ್ಯೂಟರ್ ನೋಡಿದರು.

"ಕಟ್ಟಬೇಕಾದದ್ದು ಮೂವತ್ತೈದು ಸಾವಿರ. ಬಂದಿರೋದು ಮೂವತ್ತೈದು ಸಾವಿರದ ಒಂದು. ಇದೇನಿದು?" ಎಂದು ಹಿಂದಿಯಲ್ಲಿ ಕೇಳಿದರು.

ನಾನು ಯಜಮಾನರ ಕಡೆ ತಿರುಗಿದೆ. ಅವರು ಟ್ರಂಕಿನ ಬೀಗ ನೋಡುತ್ತಿದ್ದರು.

"ಒಳ್ಳೇ ಕೆಲಸಕ್ಕೆ ಸೊನ್ನೇಲಿ ಮುಗಿಯೋ ದುಡ್ಡು ಕೊಡ್ತಾರೇನೇ? ಅಪಶಕುನ ಅಲ್ವಾ? ಅದಕ್ಕೇ ಒಂದು ಸೇರಿಸಿದೆ."

"ಮುಯ್ಯಿ ಮಾಡಿದ್ರಾ? ಮಿಲಿಟರಿಗೆ?"

ಗುಮಾಸ್ತರು ಪಾಪ ಒಳ್ಳೆಯವರು, ಆದರೆ ಕಂಪ್ಯೂಟರು ಒಳ್ಳೆಯದಲ್ಲ. ಬೇಡಿಕೆಗೂ ಬಂದದ್ದಕ್ಕೂ ತಾಳೆಯಾಗದೆ ರಸೀದಿ ಬರುವುದಿಲ್ಲ. ರಸೀದಿಯಿಲ್ಲದೆ ಮಗಳನ್ನು ಒಳಗೆ ಬಿಡುವಂತಿಲ್ಲ. ಹೆಚ್ಚುವರಿ ಒಂದು ರೂಪಾಯಿ ವಾಪಸ್ ಬೇಕೆಂದು ನಾವು ಅರ್ಜಿ ಬರೆದು, ರದ್ದು ಮಾಡಿದ ಚೆಕ್ಕು ಲಗತ್ತಿಸಿ, ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಿ ಅದರ ಮೇಲೆ ಸಹಿ ಹಾಕಬೇಕು. ಬೇಡ, ಆ ರೂಪಾಯಿ ನೀವೇ ಇಟ್ಟುಕೊಳ್ಳಿ ಎಂದೆ. ಹಾಗೆ ಇಟ್ಟುಕೊಂಡರೆ ಆಡಿಟ್ಟಿನವರು ತಮ್ಮನ್ನು ಇಟ್ಟುಕೊಳ್ಳುವುದಿಲ್ಲ ಎಂದರು.

ಸ್ಟಾಂಪು ಅಲ್ಲೆಲ್ಲೂ ಇಲ್ಲ, ಊರೊಳಗಿನ ಅಂಚೆ ಕಚೇರಿಗೇ ಹೋಗಬೇಕಂತೆ. ಯಜಮಾನರು ಆಟೋ ಹತ್ತಿದರು. ಮೂರಾಯಿತು, ಮೂರೂಕಾಲಾಯಿತು. ಮಗಳು ಟ್ರಂಕಿನ ಮೇಲೆ ಕೂತು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಎರಡು ವರ್ಷ ಓಡಿದ ಹುಡುಗಿ ಒಂದು ರೂಪಾಯಿಗೆ ನಿಂತುಬಿಟ್ಟಳಲ್ಲ! ದೇವರೇ, ಇವರು ಬರಲಿ, ಆಮೇಲೆ ಬೈಯುತ್ತೇನೆ ಎಂದು ಬೇಡಿಕೊಂಡೆ.

ಮೂರು ನಲವತ್ತಕ್ಕೆ ಯಜಮಾನರು ಬೆವರಿಳಿಸಿಕೊಂಡು ಓಡಿಬಂದರು. ಹೋಗಿ ಬರಲು ಆಟೋಗೆ ನಾನೂರು ರೂಪಾಯಿ. ಬಿಡಿಯಾಗಿ ಕೇಳಲು ಸಂಕೋಚವಾಗಿ ಹತ್ತು ಸ್ಟಾಂಪು ತಂದಿದ್ದರು. ಅಂಟಿಸಿ, ಸಹಿ ಹಾಕಿ, ರಸೀದಿ ಹೊರಬರುವಾಗ ಹಿಂದೆ ನಿಂತಿದ್ದ, ಯಾವುದೋ ಉತ್ತರದ ಊರಿನ ದೊಡ್ಡ ಮೀಸೆಯ ತಂದೆಯೊಬ್ಬರು ಯಜಮಾನರ ಭುಜ ಮುಟ್ಟಿದರು. ನಾಚಿಕೆಯಿಂದ ಮೆಲ್ಲಗೆ ಕೇಳಿದರು:

"ಭಾಯಿ ಸಾಹೇಬ್, ಇನ್ನೊಂದು ಸ್ಟಾಂಪ್ ಇದೆಯಾ? ನಮ್ಮದೂ ಒಂದು ರೂಪಾಯಿ ಜಾಸ್ತಿ."

ಅವರ ಹಿಂದೆ ಇನ್ನೂ ಇಬ್ಬರು ಕೈ ಎತ್ತಿದರು. ಯಜಮಾನರು ಸ್ಟಾಂಪು ಹರಿದು ಹರಿದು ಪ್ರಸಾದ ಹಂಚಿದಂತೆ ಹಂಚತೊಡಗಿದರು. ಈ ಗದ್ದಲದಲ್ಲಿ ಒಳಗಿನಿಂದ ಯಾರೋ ಮಗಳ ಹೆಸರು ಕೂಗಿದರು. ಆ ಗಳಿಗೆಗೆಂದು ನಾನು ಇಪ್ಪತ್ತು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಅವಳು ಟ್ರಂಕು ಎತ್ತಿಕೊಂಡು, "ಅಮ್ಮ, ಅಪ್ಪಂಗೆ ಮೊದಲು ನೀರು ಕೊಡ್ಸು" ಎಂದು ಹೇಳಿ ಒಳಗೆ ಹೋಗಿಯೇಬಿಟ್ಟಳು. ಬಾಗಿಲು ಮುಚ್ಚಿತು. ನಾನು ಅಳಲಿಲ್ಲ, ನೀರು ಹುಡುಕಿಕೊಂಡು ಹೋದೆ. ರೈಲಿನಲ್ಲೂ ಅಳಲಿಲ್ಲ. ಮನೆಗೆ ಬಂದು ಅವಳ ಮಂಚ ನೋಡಿದಾಗಲೂ ಅಳಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮನೆ ಮುಂದೆ ಸೊಪ್ಪಿನವಳ ಹತ್ತಿರ ನಿಂತಿದ್ದೆ. ಫೋನು ಟಿಂಗ್ ಎಂದಿತು. ಅಕಾಡೆಮಿಯಿಂದ ಖಾತೆಗೆ ಒಂದು ರೂಪಾಯಿ ಜಮಾ. ಮಗಳು ಇರುವ ಕಡೆಯಿಂದ ಏನೋ ಒಂದು ಬಂತಲ್ಲ ಎಂದು ಅನ್ನಿಸಿದ್ದೇ ತಡ, ಅಷ್ಟು ದಿನದ್ದೆಲ್ಲ ಸೇರಿ ಗೊಳೋ ಎಂದು ಅಳು ಬಂತು. ಸೊಪ್ಪಿನವಳು ಗಾಬರಿಯಾದಳು.

"ಯಾಕಮ್ಮಾ, ಏನಾಯ್ತು? ಯಾರ ಫೋನು?"

"ಏನಿಲ್ಲಮ್ಮಾ. ಮಗಳ ಮಿಲಿಟರಿಯಿಂದ ದುಡ್ಡು ಬಂತು."

"ಒಳ್ಳೇದೇ ಅಲ್ವಾ! ಎಷ್ಟು ಬಂತು?"

"ಒಂದು ರೂಪಾಯಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬುಟ್ಟಿಯಿಂದ ಎರಡು ಕಟ್ಟು ಕೊತ್ತಂಬರಿ, ಒಂದು ಕಟ್ಟು ದಂಟು ತೆಗೆದು ನನ್ನ ಚೀಲಕ್ಕೆ ತುರುಕಿದಳು.

"ಇದಕ್ಕೆ ದುಡ್ಡು ಬೇಡ ಇಟ್ಕೊಳಮ್ಮಾ. ಮಗು ದುಡಿಮೆ ನಿಧಾನಕ್ಕೆ ಜಾಸ್ತಿ ಆಗುತ್ತೆ."