ಭಾವನವರ ಮೂರು ಚಾಸಿಗಳು

ಮಾಲೀಕರು ತಮ್ಮ ಕೈಯಾರೆ ಷಡ್ಡಕನ ಕಾಫಿಗೆ ಸಕ್ಕರೆ ಹಾಕಿ, ಚಮಚದಿಂದ ಕಲಕಿ, ಲೋಟವನ್ನು ಅವನ ಮುಂದೆ ಸರಿಸಿದ್ದನ್ನು ಭಾವನವರು ಗಾಜಿನ ಗೋಡೆಯ ಈಚೆಯಿಂದ ಕಣ್ಣಾರೆ ಕಂಡರು. ಆ ದಿನ ಆಮೇಲೆ ನಡೆದದ್ದಕ್ಕೆಲ್ಲ ಆ ಒಂದು ಚಮಚ ಸಕ್ಕರೆಯೇ ಕಾರಣ.

ಕಂಟೇನರ್ ಸಾಗಿಸುವ ಆ ಕಚೇರಿಯಲ್ಲಿ ಕೂತು ಕೂತು ಭಾವನವರ ತಲೆಗೂದಲು ಅರ್ಧ ಬೆಳ್ಳಗಾಗಿತ್ತು, ಉಳಿದರ್ಧ ಉದುರಿತ್ತು. ಇಷ್ಟು ವರ್ಷಗಳಲ್ಲಿ ಮಾಲೀಕರ ಕೋಣೆಯಲ್ಲಿ ಅವರು ಕುಡಿದದ್ದು ನೀರು ಮಾತ್ರ. ಅದೂ ಬೈಸಿಕೊಂಡು ಗಂಟಲು ಒಣಗಿದಾಗ.

ಈ ಷಡ್ಡಕನನ್ನು ಕೆಲಸಕ್ಕೆ ಸೇರಿಸಿದವರೂ ಅವರೇ. ‘ನನ್ನ ತಂಗಿ ಗಂಡನಿಗೆ ಒಂದು ದಾರಿ ಮಾಡಿ’ ಎಂದು ಹೆಂಡತಿ ಹಗಲೂ ರಾತ್ರಿ ಜೀವ ತಿಂದಿದ್ದರಿಂದ ಬೇರೆ ಉಪಾಯವಿರಲಿಲ್ಲ. ಅವನು ಬಂದ ಮೊದಲ ದಿನವೇ ಎಲ್ಲರೆದುರು, “ಭಾವ, ನನ್ನ ಕುರ್ಚಿ ಯಾವುದು?” ಎಂದು ಕೇಳಿದ. ಅಷ್ಟೇ. ಅಂದಿನಿಂದ ಲೆಕ್ಕ ಬರೆಯುವ ಮೇಡಂ, ಲಾರಿ ಡ್ರೈವರುಗಳು, ಕೊನೆಗೆ ಮಾಲೀಕರು, ಎಲ್ಲರಿಗೂ ಅವರು ಭಾವ. ಹೆಸರು ಹೋದದ್ದು ಹೋಗಲಿ, ಎರಡೇ ತಿಂಗಳಲ್ಲಿ ಹಾಸಿಗೆ ಪಾರ್ಟಿಯೂ ಅವನ ಪಾಲಾಯಿತು. ಹಡಗಿನ ತುಂಬ ಹಾಸಿಗೆ ತರಿಸುವ ಆ ವ್ಯಾಪಾರಿ ಕಚೇರಿಯ ಅತಿ ದೊಡ್ಡ ಗಿರಾಕಿ. ಆ ಪಾರ್ಟಿ ತಮಗೆ ಸಿಗುತ್ತದೆಂದು ಭಾವನವರು ವರ್ಷಗಟ್ಟಲೆ ಕಾದಿದ್ದರು.

“ನೋಡಿದ್ರಾ ಭಾವ?” ಎಂದು ಮೇಡಂ ಕುರ್ಚಿ ಸಮೇತ ಜಾರಿಕೊಂಡು ಹತ್ತಿರ ಬಂದರು. ಕಚೇರಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವರಿಗೆ ಮೊದಲು ಗೊತ್ತಾಗುತ್ತಿತ್ತು. “ಬೆಳಿಗ್ಗೆಯಿಂದ ಒಳಗೇ ಇದಾರೆ ನಿಮ್ಮ ಷಡ್ಡಕರು. ಏನೋ ಬಡ್ತಿ ಇರ್ಬೇಕು.”

“ಇದ್ರೆ ಒಳ್ಳೇದೇ ಅಲ್ವಾ” ಎಂದರು ಭಾವನವರು. ಕೈಯಲ್ಲಿದ್ದ ಪೆನ್ಸಿಲ್ ಎರಡು ತುಂಡಾಗಿತ್ತು.

ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು. “ರೀ, ತಂಗಿ ಸಂಜೆ ಮನೆಗೆ ಬರ್ತಾಳಂತೆ. ಏನೋ ಖುಷಿ ಸುದ್ದಿ ಅಂತೆ. ಏನೇ ಅಂದ್ರೆ, ಭಾವನಿಗೆ ಆಫೀಸಲ್ಲೇ ಗೊತ್ತಾಗತ್ತೆ ಅಂತ ನಗ್ತಾಳೆ. ಏನ್ರೀ ಅದು?”

“ನನಗೇನು ಗೊತ್ತು? ನಾನೇನು ಅವಳ ಗಂಡನ ಕಾರ್ಯದರ್ಶಿನಾ?” ಎಂದು ಫೋನಿಟ್ಟರು. ಹೊಟ್ಟೆಯೊಳಗೆ ಯಾರೋ ಸ್ಟೌ ಹಚ್ಚಿ ಪಂಪು ಹೊಡೆದಂತಾಗುತ್ತಿತ್ತು.

ಗಾಜಿನ ಬಾಗಿಲು ತೆರೆದು ಮಾಲೀಕರು ಕರೆದರು. “ಭಾವ, ಒಂದು ನಿಮಿಷ ಬನ್ನಿ. ಒಂದು ವಿಷಯ ಹೇಳ್ಬೇಕು.”

ಷಡ್ಡಕನ ಬಡ್ತಿಯ ಸುದ್ದಿಯನ್ನು ಷಡ್ಡಕನ ಎದುರೇ ಕೇಳಿ, ಹಲ್ಲು ಕಿರಿದು, ಕೈ ಕುಲುಕುವುದೇ? ಭಾವನವರು ಸತ್ತುಬಿದ್ದ ಫೋನನ್ನು ಕಿವಿಗೊತ್ತಿಕೊಂಡು, “ಬಂದರಿನವರು ಲೈನಲ್ಲಿದಾರೆ ಸಾರ್, ಅರ್ಜೆಂಟು!” ಎಂದರು.

“ಸರಿ, ನಾನು ಹಾಸಿಗೆಯವರ ಹೊಸ ಅಂಗಡಿಗೆ ಹೊರಟೆ. ನಾಳೆ ಬೆಳಿಗ್ಗೆ ಅವರ ಅಂಗಡಿ ಶುರು. ವಿಷಯ ಇವರೇ ಹೇಳ್ತಾರೆ” ಎಂದು ಷಡ್ಡಕನ ಬೆನ್ನು ತಟ್ಟಿ ಮಾಲೀಕರು ಹೋದರು. ಬೆನ್ನನ್ನೂ ತಟ್ಟಿದರು!

ಷಡ್ಡಕ ಮೇಜಿನ ಹತ್ತಿರ ಬಂದು ತಲೆ ಕೆರೆದುಕೊಂಡ. “ಭಾವ, ಅದೇನಂದ್ರೆ…”

“ಗೊತ್ತಪ್ಪ, ಗೊತ್ತು. ಎಲ್ಲಾ ಗೊತ್ತು.”

“ಓ, ಗೊತ್ತಾಯ್ತಾ! ನಿಮಗೆ ಖುಷಿನಾ ಭಾವ?”

“ತುಂಬಾ ಖುಷಿ. ಇಷ್ಟೊಂದು ಖುಷಿ ತಡ್ಕೊಳಕ್ಕಾಗ್ತಿಲ್ಲ. ಹೋಗು, ನಿನ್ನ ಕೆಲಸ ನೋಡ್ಕೋ.”

ಷಡ್ಡಕ ಹಿಗ್ಗಿ ತನ್ನ ಜಾಗಕ್ಕೆ ಹೋದ. ಭಾವನವರು ಕುದಿಯುತ್ತ ಕೂತರು. ಹಾಗೆ ಕುದಿಯುವಾಗಲೇ ಅವರಿಗೊಂದು ಉಪಾಯ ಹೊಳೆಯಿತು.

ಹಾಸಿಗೆ ಪಾರ್ಟಿಯ ಕಂಟೇನರ್ ಬಂದರಿನಲ್ಲಿ ಕೂತಿತ್ತು. ಅದು ಪುಕ್ಕಟೆಯಾಗಿ ಕೂರಬಹುದಾದ ಕೊನೆಯ ದಿನ ಇವತ್ತೇ. ಸಂಜೆ ಗೇಟು ಮುಚ್ಚುವುದರೊಳಗೆ ಎತ್ತದಿದ್ದರೆ ನಾಳೆಯಿಂದ ನೆಲಬಾಡಿಗೆ, ಮೇಲೆ ದಂಡ. ಎತ್ತಬೇಕೆಂದರೆ ಬರೀ ಲಾರಿ ಸಾಲದು. ಲಾರಿಯ ಹಿಂದೆ ಕಂಟೇನರ್ ಕೂರಿಸಲು ಗಾಲಿಗಳ ಮೇಲಿನ ಉದ್ದನೆಯ ಕಬ್ಬಿಣದ ಚೌಕಟ್ಟು ಬೇಕು. ಅದೇ ಚಾಸಿ. ಕಚೇರಿಗೆ ಸ್ವಂತ ಚಾಸಿ ಇರಲಿಲ್ಲ, ಸೇತುವೆಯ ಈಚೆ ಇದ್ದ ಒಂದೇ ಚಾಸಿ ಯಾರ್ಡಿನಿಂದ ಬಾಡಿಗೆಗೆ ತರಬೇಕು. ಇಂಥ ನೆಲಬಾಡಿಗೆ, ಚಾಸಿ ಬಾಡಿಗೆ, ಖಾಲಿ ಓಡಾಟಗಳಿಗೆಲ್ಲ ಕಚೇರಿಯಲ್ಲಿ ಒಂದೇ ಹೆಸರು: ‘ಎಕ್ಸ್‌ಟ್ರಾ’. ಆ ಪದ ಕಿವಿಗೆ ಬಿದ್ದರೆ ಮಾಲೀಕರ ಮುಖ ಹರಳೆಣ್ಣೆ ಕುಡಿದವರ ಹಾಗಾಗುತ್ತಿತ್ತು.

ಚಾಸಿಯೇ ಸಿಗದಿದ್ದರೆ? ಬಡ್ತಿಯ ದಿನವೇ ಷಡ್ಡಕನ ತಲೆ ಮೇಲೆ ಎಕ್ಸ್‌ಟ್ರಾ ಬಿದ್ದರೆ?

ಭಾವನವರು ಯಾರ್ಡಿಗೆ ಫೋನ್ ಮಾಡಿದರು. “ಉದ್ದನೇ ಚಾಸಿ ಎಷ್ಟಿವೆ?”

“ಒಂದು ಗಟ್ಟಿಮುಟ್ಟಾಗಿದೆ ಭಾವ. ಇನ್ನೆರಡು ಹೇಗೋ ಇವೆ.”

“ಆ ಗಟ್ಟಿಯದನ್ನ ನನ್ನ ಹೆಸರಿಗೆ ಬರ್ಕೋ. ಈಗಲೇ ಲಾರಿ ಬರತ್ತೆ.”

‘ಮೀಸೆ’ ಎಂದೇ ಹೆಸರಾದ ಡ್ರೈವರನನ್ನು ಯಾರ್ಡಿಗೆ ಅಟ್ಟಿದರು. ಮೀಸೆ ಹೇಳಿದ್ದನ್ನು ಹೇಳಿದಷ್ಟೇ, ಹೇಳಿದ ಹಾಗೇ ಮಾಡುವ ಮನುಷ್ಯ. ಚಾಸಿ ಸಿಕ್ಕಿಸಿಕೊಂಡು ಫೋನ್ ಮಾಡಿದ. “ಭಾವ, ಯಾವ ಲೋಡು?”

“ಲೋಡಿಲ್ಲ. ಸುಮ್ನೆ ಊರ ಹೊರಗೆ ತಗೊಂಡು ಹೋಗು. ಹೋಗ್ತಾನೇ ಇರು. ಯಾರಿಗೂ ಸಿಗಬೇಡ, ಫೋನ್ ಆಫ್ ಮಾಡು.”

“ಆಯ್ತು ಭಾವ” ಎಂದ ಮೀಸೆ. ಫೋನು ಆ ಕ್ಷಣವೇ ಆಫಾಯಿತು.

ಇನ್ನು ಷಡ್ಡಕ ಚಾಸಿಗಾಗಿ ಯಾರ್ಡಿಗೆ ಫೋನ್ ಮಾಡುತ್ತಾನೆ, ಬೆವರುತ್ತಾನೆ, ‘ಭಾವ, ಏನಾದ್ರೂ ಮಾಡಿ’ ಎಂದು ಓಡಿಬರುತ್ತಾನೆ ಎಂದು ಭಾವನವರು ಓರೆಗಣ್ಣಿಂದ ನೋಡುತ್ತ ಕೂತರು. ಷಡ್ಡಕ ಫೋನ್ ಮುಟ್ಟಲಿಲ್ಲ. ಟೈಲ್ಸ್ ಅಂಗಡಿಯೆಂಬ ಸಣ್ಣ ಗಿರಾಕಿಯ ಕಾಗದಗಳನ್ನು ಜೋಡಿಸುತ್ತ ಸಣ್ಣಗೆ ಗುನುಗುತ್ತಿದ್ದ.

ಭಾವನವರಿಗೆ ಅನುಮಾನ ಬಂತು. ಉಳಿದೆರಡು ಚಾಸಿಗಳಲ್ಲಿ ಒಂದನ್ನು ಇವನು ಆಗಲೇ ಗೊತ್ತುಮಾಡಿಕೊಂಡಿರಬೇಕು. ಅದಕ್ಕೇ ಈ ಗುನುಗು.

ಮತ್ತೆ ಯಾರ್ಡಿಗೆ ಫೋನ್. “ಆ ಎರಡನೇದನ್ನೂ ನನ್ನ ಹೆಸರಿಗೆ ಹಾಕು.”

“ಅದರ ಬ್ರೇಕು ಸರಿ ಇಲ್ಲ ಭಾವ.”

“ಹಾಗಾದ್ರೆ ಗ್ಯಾರೇಜಿಗೆ ಕಳಿಸು. ಚಕ್ರ ಎಲ್ಲಾ ಬಿಚ್ಚಿಸು. ಖರ್ಚು ನಮ್ಮದು.”

ಯಾರ್ಡಿನವನು ತನ್ನ ಜೀವಮಾನದಲ್ಲಿ ಇಂಥ ಬಾಡಿಗೆದಾರನನ್ನು ಕಂಡಿರಲಿಲ್ಲ. ಭಾವನವರ ಮನಸ್ಸು ಬದಲಾಗುವ ಮೊದಲೇ ಚಕ್ರ ಬಿಚ್ಚಿಸಿದ.

ಮಧ್ಯಾಹ್ನವಾಯಿತು. ಷಡ್ಡಕ ಊಟದ ಡಬ್ಬಿ ತೆರೆದು ಸಾವಕಾಶವಾಗಿ, ಪ್ರತಿ ತುತ್ತನ್ನೂ ಅಗಿದು ಅಗಿದು ಉಂಡ. ನಡುವೆ ಭಾವನವರತ್ತ ನೋಡಿ ನಕ್ಕ. ಭಾವನವರು ಎತ್ತಿದ ತುತ್ತನ್ನು ಡಬ್ಬಿಗೇ ಹಾಕಿದರು. ಕಂಟೇನರ್ ಬಂದರಿನಲ್ಲಿ ಕೊಳೆಯುತ್ತಿದ್ದರೂ ನಗುವ ಗಂಡಸೆಂದರೆ, ಅವನ ಹತ್ತಿರ ಮೂರನೆಯ ಚಾಸಿ ಇದೆ ಎಂದೇ ಅರ್ಥ!

ಡಬ್ಬಿ ಮುಚ್ಚದೆಯೇ ಎದ್ದು ಹೊರಗೆ ಹೋಗಿ ಮೂರನೆಯದನ್ನೂ ಹಿಡಿದರು. ಇನ್ನೊಬ್ಬ ಡ್ರೈವರನಿಗೆ ಅದನ್ನು ಕೊಟ್ಟು, ಸೇತುವೆಯ ಆಚೆ ಎಲ್ಲಾದರೂ ಬಚ್ಚಿಡಲು ಹೇಳಿದರು. ಸ್ವಲ್ಪ ಹೊತ್ತಿಗೇ ಅವನ ಫೋನ್ ಬಂತು.

“ಭಾವ, ಸೇತುವೆ ಮಧ್ಯೆ ಟೈರು ಢಮಾರ್! ಹಿಂದೆ ಊರೆಲ್ಲಾ ನಿಂತು ಹಾರ್ನ್ ಹೊಡೀತಿದೆ. ಪೊಲೀಸ್ರು ಬಂದಿದಾರೆ. ಎಳೆಯೋ ಗಾಡಿ ಕರೆಸಬೇಕಂತೆ, ಜೊತೆಗೆ ದಂಡ ಅಂತೆ.”

“ಕಟ್ಟು, ಕಟ್ಟು” ಎಂದರು ಭಾವನವರು. ಸೇತುವೆ ಮುಚ್ಚಿತು ಎಂದರೆ ಆಚೆಯ ಯಾರ್ಡುಗಳಿಂದಲೂ ಚಾಸಿ ಬರಲಾರದು. ಖರ್ಚಾದರೂ ಇದೊಂದು ಲಾಭವೇ.

ಒಳಗೆ ಬಂದರೆ ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. “ಭಾವ, ಯಾರ್ಡಿನವನು ಫೋನ್ ಮಾಡಿದ್ದ. ಇವತ್ತು ಮೂರು ಚಾಸಿ ತಗೊಂಡಿದೀರಂತೆ. ಒಂದು ಕಂಟೇನರಿಗೆ ಮೂರು ಚಾಸಿನಾ?”

“ಮುಂಜಾಗ್ರತೆ ಮೇಡಂ, ಮುಂಜಾಗ್ರತೆ.”

ಇದನ್ನು ಕೇಳಿದ ಷಡ್ಡಕನ ಕಣ್ಣು ಅರಳಿತು. “ನೋಡಿ ಮೇಡಂ, ಇದಕ್ಕೇ ನಾನು ಹೇಳೋದು, ನಮ್ಮ ಭಾವನ ಅನುಭವವೇ ಬೇರೆ ಅಂತ!” ಎಂದು ಫೋನೆತ್ತಿಕೊಂಡು ಹೊರಗೆ ಹೋದ. ಯಾರೊಂದಿಗೋ ಕೈ ಆಡಿಸುತ್ತ ಮಾತನಾಡಿದ. ಭಾವನವರಿಗೆ ಅದು ಶುದ್ಧ ಅಣಕವೆಂದೇ ತೋರಿತು. ಅಣಕಿಸಲಿ, ಅಣಕಿಸಲಿ. ಸಂಜೆ ಗೊತ್ತಾಗುತ್ತದೆ.

ಬಿಸಿಲು ಕಿಟಕಿಯಿಂದ ಇಳಿದು ಬಾಗಿಲ ಕಡೆ ಸರಿಯಿತು. ಬಂದರಿನ ಗೇಟು ಮುಚ್ಚುವ ಹೊತ್ತು ಹತ್ತಿರವಾಯಿತು. ಭಾವನವರು ಇನ್ನು ತಡೆಯಲಾರದೆ, ಮುಖದ ಮೇಲೆ ಸಾಧ್ಯವಾದಷ್ಟು ಸಂತಾಪ ತಂದುಕೊಂಡು ಷಡ್ಡಕನ ಮೇಜಿನ ಮುಂದೆ ನಿಂತರು.

“ಪಾಪ, ನಿನ್ನ ಹಾಸಿಗೆ ಕಂಟೇನರ್ ಬಂದರಲ್ಲೇ ಉಳೀತಲ್ಲಪ್ಪ. ಛೆ, ಇಂಥಾ ದಿನವೇ ಹೀಗಾಗ್ಬೇಕಿತ್ತಾ?”

ಷಡ್ಡಕ ತಲೆಯೆತ್ತಿದ. “ನಂದಾ? ತಮಾಷೆ ಮಾಡ್ಬೇಡಿ ಭಾವ. ಬೆಳಿಗ್ಗೆಯಿಂದ ಅದು ನಿಮ್ಮದಲ್ವಾ?”

“ನನ್ನದು?”

“ಹಾಸಿಗೆ ಪಾರ್ಟಿ ಇವತ್ತಿಂದ ನಿಮ್ಮದೇ. ಗೊತ್ತು ಗೊತ್ತು ಅಂದ್ರಲ್ಲ? ಎರಡು ವರ್ಷದಿಂದ ನೀವು ಮಂಕಾಗಿರೋದು ನನಗೆ ಕಾಣಿಸ್ತಾ ಇತ್ತು ಭಾವ. ಆ ಪಾರ್ಟಿ ಮೇಲೆ ನಿಮಗೆ ಆಸೆ ಇತ್ತು ಅಂತ ನಿಮ್ಮ ನಾದಿನಿ ಹೇಳಿದ್ಲು. ಹಿರಿಯರು ನೀವು, ನಿಮ್ಮ ಕೈಯಲ್ಲಿರ್ಲಿ, ನಾನು ಟೈಲ್ಸ್ ನೋಡ್ಕೋತೀನಿ ಅಂತ ಬೆಳಿಗ್ಗೆ ಮಾಲೀಕರನ್ನ ಬೇಡಿಕೊಂಡೆ. ಸಿಕ್ಕಿದ ಪಾರ್ಟಿನ ಬಿಟ್ಟುಕೊಡೋವ್ನನ್ನ ಇವತ್ತೇ ನೋಡಿದ್ದು ಅಂತ ಕಾಫಿ ಬೇರೆ ಕೊಟ್ರು.”

ಭಾವನವರು ಮೇಜಿನ ಅಂಚು ಹಿಡಿದುಕೊಂಡರು.

“ಮಧ್ಯಾಹ್ನವೇ ಮಾಲೀಕರಿಗೆ ಫೋನ್ ಮಾಡಿ ಹೇಳಿದೆ, ಭಾವ ಒಂದಲ್ಲ ಮೂರು ಚಾಸಿ ಹಿಡಿದಿಟ್ಟಿದಾರೆ, ನಿಶ್ಚಿಂತೆಯಾಗಿರಿ ಅಂತ. ಮತ್ತೆ… ಕಂಟೇನರ್ ಹೊರಟಿಲ್ವಾ?”

ಭಾವನವರು ಮೀಸೆಗೆ ಫೋನ್ ಮಾಡಿದರು. ಆಫ್. ಮತ್ತೆ ಮಾಡಿದರು. ಆಫ್. ಗ್ಯಾರೇಜಿಗೆ ಮಾಡಿದರು. “ಚಕ್ರ ಹಾಕೋದು ನಾಳೆ ಭಾವ, ನೀವು ಬಿಚ್ಚೋಕೆ ಮಾತ್ರ ಹೇಳಿದ್ರಿ” ಎಂದ ಗ್ಯಾರೇಜಿನವನು. ಸೇತುವೆಯ ಡ್ರೈವರನಿಗೆ ಮಾಡಿದರು. ಹಾರ್ನುಗಳ ಗದ್ದಲದಲ್ಲಿ ಅವನ ಮಾತು ಕೇಳಿಸಲಿಲ್ಲ, ಅಳು ಮಾತ್ರ ಕೇಳಿಸಿತು.

ಆಗ ಯಾವುದೋ ಹೊಸ ನಂಬರಿನಿಂದ ಕರೆ ಬಂತು. “ಭಾವ, ನಾನು ಮೀಸೆ. ನನ್ನ ಫೋನ್ ಆಫ್ ಮಾಡಿದೀನಲ್ಲ, ಅದಕ್ಕೆ ಪೆಟ್ರೋಲ್ ಬಂಕಿನವರ ಫೋನಿಂದ ಮಾಡ್ತಿದೀನಿ. ತುಂಬಾ ದೂರ ಬಂದ್ಬಿಟ್ಟೆ. ಇನ್ನೂ ಹೋಗ್ತಾ ಇರ್ಲಾ?”

ಅಷ್ಟರಲ್ಲಿ ಮೇಜಿನ ಮೇಲಿನ ಫೋನ್ ಬಡಿದುಕೊಂಡಿತು. ಮೇಡಂ ಎತ್ತಿ, ಯಾರ ಸುದ್ದಿಯೂ ಯಾರಿಗೂ ತಪ್ಪಬಾರದೆಂದು ಸ್ಪೀಕರಿಗೆ ಹಾಕಿದರು.

“ಭಾವ!” ಮಾಲೀಕರ ದನಿ ಸಕ್ಕರೆಯಂತಿತ್ತು. “ಹಾಸಿಗೆಯವರು ಪಕ್ಕದಲ್ಲೇ ಇದಾರೆ. ಆಳುಗಳು ಕಾಯ್ತಾ ಇದಾರೆ. ಕಂಟೇನರ್ ಎಲ್ಲಿಗೆ ಬಂತು?”

“ಸಾರ್… ಅದು… ಬಂದರಲ್ಲೇ ಇದೆ ಸಾರ್.”

“ಮೂರು ಚಾಸಿ?”

“ಅವು ಬಂದರಲ್ಲಿಲ್ಲ ಸಾರ್.”

ಮಾಲೀಕರು ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಭಾವನವರು ಕಣ್ಣು ಮುಚ್ಚಿದರು. ಆಗ ಷಡ್ಡಕ ಮುಂದೆ ಬಾಗಿ, “ಸಾರ್, ತಪ್ಪು ನಂದು. ಪಾರ್ಟಿ ಒಪ್ಪಿಸುವಾಗ ನಾನು ಸರಿಯಾಗಿ ಹೇಳಿಕೊಡಲಿಲ್ಲ. ಭಾವನನ್ನ ಏನೂ ಅನ್ಬೇಡಿ. ಎಕ್ಸ್‌ಟ್ರಾ ಎಲ್ಲಾ ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ” ಎಂದ.

ಫೋನಿನಲ್ಲಿ ಇನ್ನೊಂದು ಗಡಸು ದನಿ ಕೇಳಿಸಿತು. ಹಾಸಿಗೆಯವರದು. “ನಮ್ಮ ಕೆಲಸ ನೋಡ್ತಿದ್ದವರೇ ಅಲ್ವೇನ್ರೀ ಅದು? ಇಂಥಾ ಮನುಷ್ಯನ ಕೈಯಿಂದ ನನ್ನ ಮಾಲು ಯಾಕ್ರೀ ಬಿಡಿಸಿದ್ರಿ? ಅಂಗಡಿ ಎರಡು ದಿನ ಲೇಟಾಗಿ ಶುರು ಮಾಡ್ತೀನಿ, ಪರವಾಗಿಲ್ಲ. ಆದ್ರೆ ನನ್ನ ಕೆಲಸ ಇನ್ಮೇಲೆ ಅವರೇ ನೋಡ್ಕೋಬೇಕು.”

“ಖಂಡಿತ, ಖಂಡಿತ” ಎಂದರು ಮಾಲೀಕರು. “ಭಾವ, ಕೇಳಿಸ್ತಾ? ಪಾರ್ಟಿ ವಾಪಸ್ ಅವರಿಗೇ. ನೀವು ಟೈಲ್ಸ್ ನೋಡ್ಕೊಳ್ಳಿ. ಮತ್ತೆ ಆ ಹುಡುಗನ ಸಂಬಳ ಮುಟ್ಟೋ ಮನಸ್ಸು ನನಗಿಲ್ಲ. ಮೂರು ಚಾಸಿಯ ಎಕ್ಸ್‌ಟ್ರಾ ಯಾರ ಸಂಬಳದಲ್ಲಿ ಹಿಡೀಬೇಕು ಅಂತ ಮೇಡಂಗೆ ಗೊತ್ತು.”

ಮೇಡಂ ಆಗಲೇ ಪೆನ್ನು ತೆರೆದಿದ್ದರು. ಷಡ್ಡಕನತ್ತ ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. “ಎಂಥಾ ದೊಡ್ಡ ಮನಸ್ಸು ಭಾವ ಇವರದು! ಇಂಥಾ ಷಡ್ಡಕ ಸಿಗೋಕೆ ನೀವು ಪುಣ್ಯ ಮಾಡಿದೀರಿ.”

“ಹೌದು” ಎಂದರು ಭಾವನವರು.

ಷಡ್ಡಕ ಅವರ ಭುಜದ ಮೇಲೆ ಮೆತ್ತಗೆ ಕೈಯಿಟ್ಟ. “ಬೇಜಾರು ಮಾಡ್ಕೋಬೇಡಿ ಭಾವ. ಖರ್ಚಿನಲ್ಲಿ ಅರ್ಧ ನಾನು ಕೊಡ್ತೀನಿ. ಅಕ್ಕನಿಗೆ ಹೇಳೋದು ಬೇಡ.”

ಅವನ ಮುಖದಲ್ಲಿ ಅಣಕವಿದೆಯೇ ಎಂದು ಭಾವನವರು ಹುಡುಕಿದರು. ಒಂದಿಷ್ಟಾದರೂ, ಎಲ್ಲಾದರೂ ಒಂದು ಮೂಲೆಯಲ್ಲಾದರೂ ಇದ್ದಿದ್ದರೆ ಎದೆ ಹಗುರಾಗುತ್ತಿತ್ತು. ಇರಲಿಲ್ಲ. ಮನುಷ್ಯ ನಿಜವಾಗಿಯೂ ಒಳ್ಳೆಯವನಾಗಿದ್ದ.

ಇಷ್ಟು ದಿನ ಅವರು ಕರುಬುತ್ತಿದ್ದದ್ದು ಅವನ ಪಾರ್ಟಿಗೆ, ಅದೃಷ್ಟಕ್ಕೆ, ತಟ್ಟಿಸಿಕೊಳ್ಳುವ ಬೆನ್ನಿಗೆ. ‘ಈ ಒಳ್ಳೆಯತನವೂ ಈ ಹಾಳಾದವನಿಗೇ ಬರಬೇಕಿತ್ತೇ!’ ಎಂದುಕೊಂಡು ಭಾವನವರು ಟೈಲ್ಸ್ ಅಂಗಡಿಯ ಕಾಗದಗಳನ್ನು ತಮ್ಮ ಮೇಜಿನತ್ತ ಎಳೆದುಕೊಂಡರು.