ಹೆಬ್ಬಾತು ಕೂಗಿದ ನಾಣ್ಯ

ರೋಮಿನಲ್ಲಿ ನಾಣ್ಯಕ್ಕೆ ಮೊನೇತಾ ಎಂಬ ಹೆಸರು ಬಂದದ್ದು ನಮ್ಮ ಕಚೇರಿಯಿಂದ ಎಂಬುದನ್ನು ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಲಾಗಿದೆ. ಮೊನೇತಾ ಎಂದರೆ ಎಚ್ಚರಿಸುವವಳು. ಅದು ಜೂನೋ ದೇವಿಯ ಬಿರುದು. ಗುಡ್ಡದ ಮೇಲೆ ಅವಳ ಗುಡಿ, ಗುಡಿಯ ಮಗ್ಗುಲಲ್ಲಿ ನಮ್ಮ ಟಂಕಸಾಲೆ. ಹೀಗಾಗಿ ದೇವಿಯ ಹೆಸರು ದುಡ್ಡಿಗೆ ಅಂಟಿಕೊಂಡಿತು. ಮುಂದೆ ಯಾರಾದರೂ ಪರದೇಶದವರು ಅದನ್ನು ‘ಮನಿ’ ಎಂದು ಮೊಟಕು ಮಾಡಿದರೆ ಕಚೇರಿ ಹೊಣೆಯಲ್ಲ.

ಎಚ್ಚರಿಸುವವಳ ಮನೆಯಲ್ಲಿ ದುಡ್ಡು ಮಾಡುವುದರಿಂದ ಯಾವ ತೊಂದರೆಯೂ ಇರಲಿಲ್ಲ. ದೇವಿ ಮಾತಾಡುವುದಿಲ್ಲ. ಹಿತ್ತಿಲಲ್ಲಿದ್ದ ಅವಳ ಹೆಬ್ಬಾತು ಮಾತ್ರ ಹೊಸಬರನ್ನು ಕಂಡರೆ ಗುಡ್ಡ ಹಾರಿಹೋಗುವಂತೆ ಅರಚುತ್ತಿತ್ತು. ಅದನ್ನು ಸಾಕುತ್ತಿದ್ದವಳು ವಿಬಿಡಿಯಾ ಅಜ್ಜಿ. ಗಂಡ ಹೋದ ಮೇಲೆ ಅವಳಿಗೆ ಮಗಳೂ ಅದೇ, ಮೊಮ್ಮಗಳೂ ಅದೇ.

ಆ ವರ್ಷ ಮೇಲಿನವರ ಅಪ್ಪಣೆಯಂತೆ ಬೆಳ್ಳಿಗೆ ತಾಮ್ರ ಬೆರೆಸಲು ತೀರ್ಮಾನವಾಯಿತು. ಕಡತದಲ್ಲಿ ಇದಕ್ಕೆ ‘ಬೆಳ್ಳಿಯ ಆರೋಗ್ಯ ಸುಧಾರಣೆ’ ಎಂದು ಹೆಸರು. ತಾಮ್ರದ ಗಾಡಿ ಹಿತ್ತಿಲ ಬಾಗಿಲಿಗೆ ಬಂತು. ಗಾಡಿಯವನು ಹೊಸಬ, ಹೆಬ್ಬಾತು ಅರಚಿತು. ಕೆಳಗಿನ ಸಂತೆಗೆಲ್ಲ ಕೇಳಿಸಿತು.

ಹುರಿಗಡಲೆ ಮಾರುವ ಫೆಲಿಕುಲಾ ನನ್ನ ನಾಣ್ಯವನ್ನು ವಾಪಸು ಕೊಟ್ಟಳು. “ಅಮ್ಮನೋರು ಎಚ್ಚರಿಕೆ ಕೊಟ್ಟವ್ರೆ. ಬ್ಯಾಡ ಸ್ವಾಮಿ.”

ಸಂಜೆಯೊಳಗೆ ಸಂತೆಯಲ್ಲಿ ಯಾರೂ ನಮ್ಮ ನಾಣ್ಯ ಮುಟ್ಟದಂತಾಯಿತು. ಟಂಕಸಾಲೆಯ ಮೇಲಧಿಕಾರಿ ತಾರ್ಕ್ವಿಟಿಯಸ್ ಸಾಹೇಬರು ಅಜ್ಜಿಯನ್ನು ಕರೆಸಿದರು.

“ನಿನ್ನ ಹೆಬ್ಬಾತನ್ನ ನಮ್ಮ ಅಡುಗೆಮನೆಗೆ ಕಳಿಸು. ಅಂಜೂರ ಹಾಕಿ ಬೇಯಿಸ್ತಾರೆ.”

“ದೇವಿ ಹಕ್ಕಿ ತಿಂದ್ರೆ ದಕ್ಕುತ್ತಾ ಸ್ವಾಮಿ?”

“ಹಾಗಾದ್ರೆ ಅದರ ಬಾಯಿ ಮುಚ್ಚಿಸು.”

ಅಜ್ಜಿ ಹೇಳಿದಳು: “ಮುಚ್ಸೋಕಾಗಲ್ಲ. ದಿನಾ ಕೂಗಿಸ್ಬೋದು. ಬೆಳಗಿಂದ ಸಂಜೆತನಕ ಕೂಗಿದ್ರೆ ಯಾರು ಕಿವಿಗೆ ಹಾಕ್ಕೋತಾರೆ? ನಮ್ಮನೆಯವರು ಬದುಕಿರೋತನಕ ನನ್ನ ಮಾತು ಹಂಗೇ ಕೇಳಿದ್ದು.”

ಸಾಹೇಬರು ವಿವಾಹಿತರಾದ್ದರಿಂದ ಸಲಹೆ ಕೂಡಲೇ ಮಂಜೂರಾಯಿತು.

ಪ್ರಕಟಣೆ ಹೊರಟಿತು: “ಹೆಬ್ಬಾತಿನ ಕೂಗು ಇನ್ನು ಮುಂದೆ ನಾಣ್ಯದ ಗುಣಮಟ್ಟದ ಗುರುತು. ಕೂಗು ಕೇಳಿಯೂ ನಾಣ್ಯ ಬೇಡವೆನ್ನುವವರ ಮೇಲೆ ದೇವಿಯು ಮುನಿಯತಕ್ಕದ್ದು.”

ಹಿತ್ತಿಲಲ್ಲಿ ನಿಲ್ಲಲು ದಿನಕ್ಕೊಬ್ಬ ಹೊಸ ಮುಖದವನನ್ನು ನೇಮಿಸಲಾಯಿತು. ಸಂತೆಗೆ ಅಭ್ಯಾಸವಾಯಿತು. ಬೆಳ್ಳಿಯ ಆರೋಗ್ಯ ಸುಧಾರಿಸುತ್ತ ಸುಧಾರಿಸುತ್ತ, ಕೊನೆಗೆ ಬೆಳ್ಳಿ ಎಂಬುದು ತಾಮ್ರದ ಮೇಲಿನ ಬಣ್ಣದಷ್ಟು ಉಳಿಯಿತು.

ತೊಂದರೆ ಬಂದದ್ದು ಆಮೇಲೆ. ಹೆಬ್ಬಾತಿಗೂ ವಯಸ್ಸಾಗಿತ್ತು; ಗಂಟಲು ಕಟ್ಟಿತು. ಒಂದು ಬೆಳಿಗ್ಗೆ ಕೂಗೇ ಇಲ್ಲ. ಸಂತೆ ಮುಚ್ಚಿತು.

“ಕೂಗಿಲ್ಲ ಅಂದ್ಮೇಲೆ ದುಡ್ಡಲ್ಲಿ ಏನೋ ಮೋಸ ಐತೆ,” ಎಂದಳು ಫೆಲಿಕುಲಾ.

ಸಾಹೇಬರಿಗೆ ಮತ್ತೆ ಅಂಜೂರ ನೆನಪಾಯಿತು. ಅಡುಗೆಯವನು ಚೀಲ ಹಿಡಿದು ಬಂದೇಬಿಟ್ಟ. ಅಜ್ಜಿ ಹೆಬ್ಬಾತನ್ನು ಎದೆಗೆ ಅವುಚಿಕೊಂಡು, “ನಿಮಗೆ ಬೇಕಾಗಿರೋದು ಕೂಗು ತಾನೇ?” ಎಂದು ಗುಡ್ಡದ ಅಂಚಿಗೆ ಹೋಗಿ ತಾನೇ ಅರಚಿದಳು. ಕೆಳಗೆ ಅಂಗಡಿಗಳು ತೆರೆದವು. ನನಗೆ ಕಣ್ಣಲ್ಲಿ ನೀರು ಬಂತು. ಅದನ್ನು ಕಡತದಲ್ಲಿ ನಮೂದಿಸಿಲ್ಲ.

ಈಗ ಹೆಬ್ಬಾತಿಗೆ ನಿವೃತ್ತಿಯಾಗಿದೆ. ಹೊಟ್ಟೆ ತುಂಬ ಬಾರ್ಲಿ, ಅಜ್ಜಿಯ ಮಡಿಲಲ್ಲಿ ನಿದ್ದೆ. ಅಜ್ಜಿ ಸಿಬ್ಬಂದಿಗೆಲ್ಲ ತರಬೇತಿ ಕೊಟ್ಟಿದ್ದಾಳೆ. ನಾವು ಪಾಳಿಯ ಮೇಲೆ ಕೂಗುತ್ತೇವೆ. ಸಾಹೇಬರು ಹಬ್ಬದ ದಿನ ಮಾತ್ರ.

ನಿನ್ನೆ ಸಂಬಳ ಹಿಡಿದು ಕಡಲೆ ಕೊಳ್ಳಲು ಹೋದೆ. ಫೆಲಿಕುಲಾ ನಾಣ್ಯವನ್ನು ಉಗುರಿನಿಂದ ಕೆರೆದಳು. ಒಳಗೆ ಕೆಂಪಗೆ ಕಂಡಿತು. ನನ್ನ ಮುಖ ನೋಡಿದಳು.

“ಬೆಳಿಗ್ಗೆ ಕೂಗಿದ್ದು ನೀವೇನಾ?”

“ಹೌದು.”

“ಚೆನ್ನಾಗಿತ್ತು,” ಎಂದು ನಾಣ್ಯವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಡಲೆ ಅಳೆದಳು.