ರುದ್ರಪ್ರಸಾದನಿಗೆ ಬಂಪರ್

ಭಾನುವಾರ ಬೆಳಿಗ್ಗೆ ರುದ್ರಪ್ರಸಾದ ಮಾವನ ಕಾರನ್ನು ತೊಳೆಯಲೆಂದು ಅಂಗಳದಲ್ಲಿ ಹಿಂದಕ್ಕೆ ತೆಗೆದ. ಬಟ್ಟೆ ಒಗೆಯುವ ಕಲ್ಲು ಮೂವತ್ತು ವರ್ಷದಿಂದ ಇದ್ದ ಜಾಗದಲ್ಲೇ ಇತ್ತು. ಆದರೂ ಅದೇ ಅಡ್ಡ ಬಂತೆಂದು ಅವನು ಕೊನೆಯವರೆಗೂ ಸಾಧಿಸಿದ. ಹಿಂದಿನ ಬಂಪರ್ ಒಂದು ಗೇಣು ಸೀಳಿತ್ತು.

ಕಾರು ಕುದೂರಿನ ಗವಿಸಿದ್ದಯ್ಯನವರದು. ಅಳಿಯ ಕೇರಳ ನೋಡಿ ಬರಲಿ ಎಂದು ಕೊಟ್ಟಿದ್ದರು. ಮಗಳನ್ನು ಧಾರೆ ಎರೆದಾಗ ಒಂದು ಮಾತೂ ಆಡದವರು, ಕೀಲಿ ಕೊಡುವಾಗ ಮೂರು ಸಲ "ಉಸಾರು" ಅಂದಿದ್ದರು. ಸಂಜೆ ನಾಲ್ಕರ ಬಸ್ಸಿಗೆ ಮಾಗಡಿಗೆ ಬಂದು ಕಾರು ಒಯ್ಯುವವರಿದ್ದರು. ಸೀಳು ಕಣ್ಣಿಗೆ ಬಿದ್ದರೆ ಅಳಿಯನ ಮರ್ಯಾದೆ ಅಲ್ಲಿಗೆ ಮುಗಿಯಿತು.

ಅವನು ಬಿಡದಿಯ ಕಾರು ಫ್ಯಾಕ್ಟರಿಯಲ್ಲಿದ್ದ ಗೆಳೆಯ ಮಹೇಂದ್ರನಿಗೆ ಫೋನ್ ಮಾಡಿದ. "ಲೇ, ಬಂಪರ್ ಒಡ್ದೈತೆ ಕಣ್ಲಾ! ಯಾರ್ಗೂ ಬಾಯ್ಬುಡಬ್ಯಾಡ. ನಮ್ ಮಾವಂಗೆ ಗೊತ್ತಾದ್ರೆ ನನ್ ಕತೆ ಮುಗೀತು."

ಮಹೇಂದ್ರ ಕೆಲಸ ಮಾಡುತ್ತಿದ್ದುದು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ. ಅದರಿಂದ ಸಲಹೆಗೇನೂ ಕೊರತೆಯಾಗಲಿಲ್ಲ. "ಬಂಪರ್ ಬಿಚ್ಕೋ. ಒಳಗಡೆಯಿಂದ ಕಬ್ಣ ಕಾಯ್ಸಿ ಪ್ಲಾಸ್ಟಿಕ್ ಕರಗ್ಸಿ ಬೆಸಿ. ಮ್ಯಾಲೆ ಪುಟ್ಟಿ ಮೆತ್ತು, ಉಪ್ಪುಕಾಗ್ದದಲ್ಲಿ ಉಜ್ಜು, ಪ್ರೈಮರ್ ಬಳಿ. ಪೇಂಟು ಆಮ್ಯಾಕೆ ನೋಡನ."

ಕಾಂಪೌಂಡಿನಾಚೆ ಹೂ ಬಿಡಿಸುತ್ತಿದ್ದ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮನ ಕಿವಿಗೆ ಅವನ ಮಾತು ಬಿತ್ತು. ನಮ್ಮ ಕಡೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಬಂಪರ್ ಒಡೆದರೂ "ಒಡ್ದೈತೆ", ಲಾಟರಿಯಲ್ಲಿ ಬಂಪರ್ ಹೊಡೆದರೂ "ಒಡ್ದೈತೆ". ಹುಡುಗ ಹೋದ ವಾರ ತಾನೇ ಲಾಟರಿ ಮಾರುವ ಕೇರಳಕ್ಕೆ ಹೋಗಿ ಬಂದಿದ್ದಾನೆ! ಆಕೆ ಹೂವಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದುರು ಸಾಲಿನ ಬೋರಲಿಂಗಯ್ಯನವರ ಮನೆಗೆ ಓಡಿದರು.

ಬೋರಲಿಂಗಯ್ಯ ಬರುವಷ್ಟರಲ್ಲಿ ಬಂಪರ್ ನಡುಮನೆಯಲ್ಲಿ ಬೋರಲು ಬಿದ್ದಿತ್ತು. ಹೆಂಡತಿ ಶ್ರುತಿಯ ದೋಸೆ ಮಗುಚುವ ಕಬ್ಬಿಣದ ಕೈಯನ್ನು ಕೆಂಪಗೆ ಕಾಯಿಸಿ ರುದ್ರಪ್ರಸಾದ ಬೆಸೆಯುತ್ತಿದ್ದ. ಶ್ರುತಿ ಮೂಗಿಗೆ ಸೆರಗು ಹಿಡಿದು ಅವನ ಏಳು ತಲೆಮಾರನ್ನು ನೆನೆಯುತ್ತಿದ್ದಳು.

"ಎಲ್ಲಾ ಗೊತ್ತಾಯ್ತು ಕಣಯ್ಯ," ಬೋರಲಿಂಗಯ್ಯ ಹೊಗೆಯಲ್ಲಿ ಒಳಗೇನೂ ಕಾಣದೆ ಬಾಗಿಲಲ್ಲೇ ನಿಂತು ಪಿಸುಗುಟ್ಟಿದರು. "ಎಷ್ಟು?"

ಸೀಳಿನ ಸುದ್ದಿ ಬಯಲಾಯಿತೆಂದು ರುದ್ರಪ್ರಸಾದ ಕೈಲಿದ್ದುದನ್ನು ಕೆಳಗಿಟ್ಟ. "ಒಂದೇ ಒಂದು ಗೇಣು."

ಗೇಣೆತ್ತರದ ನೋಟಿನ ಕಟ್ಟನ್ನು ನೆನೆದು ಬೋರಲಿಂಗಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಮಾವಂಗೆ ಏಳಿದ್ಯಾ?"

"ಅಯ್ಯೋ, ಅವ್ರಿಗೆ ಮಾತ್ರ ಬ್ಯಾಡಿ! ಸಾಯಂಕಾಲದೊಳ್ಗೆ ಮುಚ್ಚಾಕ್ಬುಡ್ತೀನಿ."

"ಮುಚ್ಚಾಕಪ್ಪ. ನಮ್ಮನ್ನ ಮಾತ್ರ ಮರೀಬ್ಯಾಡ."

ಬೋರಲಿಂಗಯ್ಯನವರಿಗೆ ಗುಟ್ಟು ಹೇಳುವುದೂ ಮೈಕಿನಲ್ಲಿ ಕೂಗಿಸುವುದೂ ಒಂದೇ. ಹತ್ತೂವರೆಗೆ ಬೀದಿಗೆಲ್ಲ ಗೊತ್ತಾಯಿತು. ಹನ್ನೊಂದಕ್ಕೆ ಕುದೂರಿಗೂ ಫೋನ್ ಹೋಯಿತು.

ರುದ್ರಪ್ರಸಾದ ಇದಾವುದೂ ತಿಳಿಯದೆ ಪುಟ್ಟಿ ಮೆತ್ತಿದ, ಉಜ್ಜಿದ, ಪ್ರೈಮರ್ ಬಳಿದ. ಮಾವನ ಕಾರಿನ ಮಿರುಗು ಎಂದೋ ಹೋಗಿ ಅದೂ ಪ್ರೈಮರಿನ ಬೂದಿ ಬಣ್ಣಕ್ಕೇ ತಿರುಗಿತ್ತು. ಬಂಪರನ್ನು ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಉಳಿದವು. ಅವನ್ನು ತುಳಸಿ ಕುಂಡಕ್ಕೆ ಹಾಕಿದ. ಸೀಳು ಎಲ್ಲಿತ್ತೆಂದು ಅವನಿಗೇ ತಿಳಿಯಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಒಂದು ಕೆಲಸ ಅವನ ಕೈಯಲ್ಲಿ ನೆಟ್ಟಗಾಗಿತ್ತು.

ನಾಲ್ಕಕ್ಕೆ ಬರಬೇಕಾದ ಗವಿಸಿದ್ದಯ್ಯ ಮೂರಕ್ಕೇ ಆಟೋದಲ್ಲಿ ಇಳಿದರು. ಕೈಯಲ್ಲಿ ಸಿಹಿಯ ಡಬ್ಬ, ಹಿಂದೆ ಇಡೀ ಬೀದಿ. ಅವರು ಬಂಪರಿನ ಕಡೆ ತಿರುಗಿಯೂ ನೋಡದೆ ಅಳಿಯನನ್ನು ತಬ್ಬಿಕೊಂಡರು.

"ನನ್ನತ್ರಾನೂ ಮುಚ್ಚಿಡಾದಾ ಅಳಿಯಂದ್ರೇ? ಬರೋ ದಾರೀಲಿ ನಂಗೊಂದು ಒಸ ಕಾರು ಬುಕ್ ಮಾಡ್ಬುಟ್ಟೆ. ಬಿಲ್ಲು ನಿಮ್ಮೆಸ್ರಿಗೆ. ಬಂಪರ್ ಒಡ್ದೈತಲ್ಲ!"

ರುದ್ರಪ್ರಸಾದನಿಗೆ ಈಗ ಎಲ್ಲ ಹೊಳೆಯಿತು. ಬೆಳಿಗ್ಗೆಯಿಂದ ಮುಚ್ಚಿಟ್ಟದ್ದನ್ನು ಅವನೇ ಬಾಯಿಬಿಟ್ಟು ಕೂಗಬೇಕಾಯಿತು. "ಹೊಡೆದಿಲ್ಲ ಮಾವ, ಒಡೆದಿದೆ! ಒಂಟೆಯ ಒ! ಒಂಟೆ!"

"ಒಂಟೇನೂ ಬುಕ್ ಮಾಡವ್ನಾ?" ಹಿಂದಿನಿಂದ ಬೋರಲಿಂಗಯ್ಯ ಕೇಳಿದರು.

"ಲಾಟ್ರಿ ಅಲ್ಲ! ನಿಮ್ ಕಾರಿನ ಬಂಪರ್ರು! ಕಲ್ಲಿಗೆ ಗುದ್ದಿ ಒಡ್ದೋಯ್ತು!"

ಎಲ್ಲರೂ ಕಾರಿನ ಹಿಂದೆ ಬಗ್ಗಿದರು. ಗವಿಸಿದ್ದಯ್ಯ ಬೆರಳಾಡಿಸಿದರು. "ಎಲ್ಲೈತೆ, ತೋರ್ಸಿ?"

ತೋರಿಸಲು ಕೂದಲೆಳೆಯಷ್ಟೂ ಇರಲಿಲ್ಲ. ಶ್ರುತಿ ಕರಕಲಾದ ಮಗುಚುವ ಕೈಯನ್ನು ತಂದು ಸಾಕ್ಷಿ ನುಡಿದಳು. "ನೀನೂ ಗಂಡನ ಕಡೀಕೆ ಸೇರ್ಕಂಡ್ಯಾ ಮಗಳೇ?" ಎಂದು ಅಪ್ಪ ನೊಂದುಕೊಂಡರು.

"ದುಡ್ಡು ಬಂದೇಟ್ಗೆ ಸುಳ್ಳೂ ಬಂತು," ಎಂದರು ವೆಂಕಟಲಕ್ಷ್ಮಮ್ಮ.

ರುದ್ರಪ್ರಸಾದ ಒಳಗೆ ಓಡಿ ಸುತ್ತಿಗೆ ತಂದು ಒಂದೇ ಏಟು ಹಾಕಿದ. ಬೆಸೆದ ಜಾಗ ಜಪ್ಪಯ್ಯ ಅನ್ನಲಿಲ್ಲ. ಅದರ ಪಕ್ಕದಲ್ಲಿ ಬಂಪರ್ ಎರಡು ಗೇಣು ಸೀಳಿತು.

"ನೋಡಿ, ಇಂಗೇ ಒಡ್ದಿತ್ತು!"

ಗವಿಸಿದ್ದಯ್ಯ ಸೀಳನ್ನು ನೋಡಿದರು, ಸುತ್ತಿಗೆಯನ್ನು ನೋಡಿದರು. "ಒಸ ಕಾರು ಕೊಡ್ಸಕ್ಕೆ ಮನಸಿಲ್ದಿದ್ರೆ ಬ್ಯಾಡ ಅನ್ನಿ ಅಳಿಯಂದ್ರೇ. ಇರೋ ಕಾರ್ನೂ ಯಾಕೆ ಒಡೀತೀರಿ?" ಬುಕ್ಕಿಂಗ್ ರಸೀತಿಯನ್ನು ಅವನ ಜೇಬಿಗೆ ತುರುಕಿ, ಸಿಹಿಯ ಡಬ್ಬ ಹಿಂದಕ್ಕೆ ತೆಗೆದುಕೊಂಡು, ಒಡೆದ ಕಾರನ್ನೇ ಓಡಿಸಿಕೊಂಡು ಕುದೂರಿನ ದಾರಿ ಹಿಡಿದರು.

ಜನ ಕರಗಿದ ಮೇಲೆ ಬೋರಲಿಂಗಯ್ಯ ಮೆಲ್ಲಗೆ ಹತ್ತಿರ ಬಂದರು. "ಈಗಲಾದ್ರೂ ನಿಜ ಏಳು. ಎಷ್ಟು?"

ರುದ್ರಪ್ರಸಾದ ಸುತ್ತಿಗೆ ಕೆಳಗಿಟ್ಟ. "ಎರಡು ಗೇಣು."

"ನೋಡ್ದಾ! ಬೆಳಿಗ್ಗೆ ಒಂದೇ ಅಂದಿದ್ದೆ."